ನೀಲಿ ಬೆಳಕಿನ ತೊಟ್ಟಿಲು

ಫೆಬ್ರುವರಿ ೧೧

ಅಪ್ಪಾ,

ನಿನ್ನೆ ಫೋನಿನಲ್ಲಿ ಮೂರು ಸಲ ಕೂಗಿ ಹೇಳಿದೆ. ಮೂರು ಸಲವೂ ನೀನು "ಹೂಂ, ಸಂತೋಷ, ಸಂತೋಷ" ಎಂದೆ. ಸಂತೋಷದ ಸುದ್ದಿಯಲ್ಲ ಅಪ್ಪ. ಬಲ್ಬಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಗಾಜು ಊದುವ ಯಂತ್ರಗಳ ಗದ್ದಲಕ್ಕೆ ಕಿವಿ ಒಪ್ಪಿಸಿ ಬಂದವನಿಗೆ ಇನ್ನು ಮುಂದೆ ಕಾಗದದಲ್ಲೇ ಹೇಳುತ್ತೇನೆ. ಕೂತು ಓದು. ನಿಂತು ಓದಬೇಡ.

ಮಗುವಿಗೆ ಇವತ್ತಿಗೆ ಹದಿನೆಂಟು ದಿನ. ಮೂರನೆಯ ದಿನ ಮನೆಗೆ ಕಳಿಸುವಾಗ ನರ್ಸಮ್ಮ, "ಸ್ವಲ್ಪ ಕಾಮಾಲೆ ಇದೆ, ಎಷ್ಟೋ ಮಕ್ಕಳಿಗೆ ಇರತ್ತೆ. ಹಾಲು ಕುಡಿಸ್ತಾ ಇರಿ, ವಾರದಲ್ಲಿ ಹೋಗತ್ತೆ" ಎಂದಿದ್ದರು. ಹೋಯಿತೆಂದೇ ನಾವು ತಿಳಿದುಕೊಂಡೆವು. ಹತ್ತನೆಯ ದಿನ ನೋಡಿದರೆ ಕಣ್ಣಿನ ಬಿಳುಪು ಪೂರ್ತಿ ಹಳದಿ, ಅಂಗಾಲಿನವರೆಗೂ ಹಳದಿ. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಒತ್ತಿದ ಜಾಗವೂ ಹಳದಿಯೇ. ಅಂದಿನಿಂದ ಆಸ್ಪತ್ರೆಯಲ್ಲಿದ್ದೇವೆ. ಈಗ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಅವಳ ಫೈಲು ಇಟ್ಟುಕೊಂಡು ಬರೆಯುತ್ತಿದ್ದೇನೆ.

ದೊಡ್ಡ ಡಾಕ್ಟರು ಹೇಳಿದ್ದು ಇಷ್ಟು. ರಕ್ತದ ಹಳೆಯ ಕಣಗಳು ಸತ್ತಾಗ ಒಂದು ಹಳದಿ ಕಲೆ ಉಳಿಯುತ್ತದಂತೆ. ಎಲ್ಲರ ಪಿತ್ತಜನಕಾಂಗವೂ ಅದನ್ನು ತೊಳೆದು ಹೊರಗೆ ಹಾಕುತ್ತದೆ. ಇವಳದಕ್ಕೆ ತೊಳೆಯಲು ಬರುವುದಿಲ್ಲ. ಲಕ್ಷಗಳಲ್ಲಿ ಒಂದು ಮಗು ಹೀಗೆ ಹುಟ್ಟುತ್ತದಂತೆ. ಆ ಹಳದಿ ಏರುತ್ತಾ ಹೋದರೆ ಮಿದುಳಿಗೆ ಇಳಿಯುತ್ತದೆ. ಮೊದಲು ಹೋಗುವುದು ಕಿವಿಯಂತೆ.

ಮಾತ್ರೆ ಇಲ್ಲ, ಸೂಜಿ ಇಲ್ಲ. ಬರಿಮೈಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಬೇಕು. ಆ ಬೆಳಕು ಚರ್ಮದ ಮೂಲಕ ಹೋಗಿ ಹಳದಿಯನ್ನು ಕರಗಿಸುತ್ತದೆ. ದಿನಕ್ಕೆ ಹನ್ನೆರಡು ಗಂಟೆ, ದಿನಾ. ಎಷ್ಟು ದಿನ ಎಂದು ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ದೊಡ್ಡವಳಾದ ಮೇಲೆ ಬೇರೆಯವರ ಪಿತ್ತಜನಕಾಂಗ ಕಸಿ ಮಾಡುವವರೆಗೆ, ಎಂದರು.

ಇನ್ನೊಂದು ಮಾತು. ಮನೆಯ ಕೋಣೆಗೆ ಇವರು ಎಲ್‌ಇಡಿ ಹಾಕಿದ್ದಾರೆ. ಕಾರ್ಖಾನೆ ಮುಚ್ಚಿದ ದಿನ ನಿನಗೆ ಕೊಟ್ಟು ಕಳಿಸಿದ ಪೆಟ್ಟಿಗೆಯ ಹಳದಿ ಬಲ್ಬುಗಳನ್ನು ಬಿಚ್ಚಿ, ಹತ್ತಿಯಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ. ಯಾಕೆಂದು ಕೇಳಬೇಡ. ಊರಿನ ಬೀದಿದೀಪಗಳನ್ನೆಲ್ಲ ಬದಲಾಯಿಸುವ ಕೆಲಸದವರು ಮನೆಯದನ್ನು ಬಿಟ್ಟಾರೆಯೇ ಎಂದುಕೋ.

ನಿನ್ನ ಮಗಳು


ಫೆಬ್ರುವರಿ ೧೯

ಪುಟ್ಟೀ,

ಕೂತೇ ಓದಿದೆ. ಓದಿ ಮುಗಿಸಿದ ಮೇಲೆ ಬಹಳ ಹೊತ್ತು ಏಳಲಾಗಲಿಲ್ಲ.

ಬೈಗುಳ ಮೊದಲು ಮುಗಿಸಿಬಿಡುತ್ತೇನೆ. ಕಾಲೇಜು ಓದಿದವಳು ಎಲ್ಲಿಂದ ತರುತ್ತೀಯೇ ಈ ಹಳದಿ ಕಾಗದವನ್ನು? ಯಾವುದೋ ಕಚೇರಿಯ ಹಳೆಯ ಕಡತದಿಂದ ಹರಿದ ಹಾಗಿದೆ. ಎರಡನೆಯದು ಅಳಿಯಂದಿರಿಗೆ. ಅವರು ಹಾಕಿರುವುದು ದೀಪವಲ್ಲ ಎಂದು ಹೇಳು. ದೀಪವೆಂದರೆ ಹತ್ತಿರ ಹಿಡಿದ ಕೈಗೆ ಬಿಸಿ ತಾಗಬೇಕು. ಅಕ್ಕಿಕಾಳಿನಷ್ಟು ಚುಕ್ಕಿ, ಬಿಸಿಯಿಲ್ಲ, ತಂತಿಯಿಲ್ಲ, ಊದಿದ ಗಾಜಿಲ್ಲ. ಆ ಅಕ್ಕಿಕಾಳೇ ನಮ್ಮ ಆರುನೂರು ಜನರ ಅನ್ನ ತಿಂದದ್ದು.

ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಬೆಳಕೇ ಔಷಧಿ ಎಂದರೆ ನೀನು ಸರಿಯಾದ ಮನುಷ್ಯನಿಗೇ ಬರೆದಿದ್ದೀಯ. ಉರಿಸಿ ನೋಡುವ ಕೋಣೆಯಲ್ಲಿ ನನ್ನ ಕಣ್ಣ ಮುಂದೆ ದಿನಕ್ಕೆ ನಾಲ್ಕು ಸಾವಿರ ದೀಪ ಹಾದು ಹೋಗುತ್ತಿದ್ದವು. ಬಲ್ಬೂ ಆಯಿತು, ಟ್ಯೂಬೂ ಆಯಿತು. ಯಂತ್ರ ಪಾಸು ಮಾಡಿದ್ದನ್ನು ನಾನು ತೆಗೆದು ಪಕ್ಕಕ್ಕಿಟ್ಟರೆ ಎಂಜಿನಿಯರು ಎದುರಾಡುತ್ತಿರಲಿಲ್ಲ. ಸುಮ್ಮನೆ "ಕಣ್ಣು ಮೇಷ್ಟ್ರು" ಎಂದು ಕರೆಯುತ್ತಿದ್ದರೇ?

ಆಸ್ಪತ್ರೆಯವರಿಂದ ಯಾವ ನೀಲಿ, ಎಷ್ಟು ಉದ್ದ ಎಂದು ಬರೆಸಿಕೊಂಡು ಕಳಿಸು. ಟ್ಯೂಬು ಹುಡುಕಿಕೊಂಡು ನಾನೇ ಬರುತ್ತೇನೆ. ಅಳಿಯಂದಿರು ಎಲ್‌ಇಡಿ ಎಂದು ಬಾಯಿ ತೆಗೆದರೆ, ಮಗುವಿನ ವಿಷಯದಲ್ಲಿ ಆಟ ಬೇಡವೆಂದು ಹೇಳು. ಅದಕ್ಕೆ ಹೆಸರಿಟ್ಟಾಯಿತೇ? ನಾನಂತೂ ಮಿಣುಕಿ ಎಂದು ಕರೆಯುತ್ತೇನೆ. ಮಿಣುಕುಹುಳುವಿನ ಮರಿ.

ನೀನು ಊಟ ಮಾಡು.

ಅಪ್ಪ


ಏಪ್ರಿಲ್ ೨

ಅಪ್ಪಾ,

ಮೊದಲನೆಯದಾಗಿ, ಕಾಗದ ಬಿಳಿಯದೇ. ನಿನ್ನ ಮನೆಯ ಬಲ್ಬನ್ನು ಬೈಯು.

ನೀನು ಬಂದು ಮಾಡಿಕೊಟ್ಟ ಟ್ಯೂಬಿನ ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಎಂಟು ಟ್ಯೂಬುಗಳನ್ನೂ ನೀನು ಹೇಳಿಕೊಟ್ಟಂತೆ ಒಣಬಟ್ಟೆಯಿಂದ ವಾರಕ್ಕೊಮ್ಮೆ ಒರೆಸುತ್ತೇನೆ. ನಿನ್ನೆಯ ರಕ್ತಪರೀಕ್ಷೆಯಲ್ಲಿ ಹಳದಿಯ ಅಳತೆ ಹದಿನಾಲ್ಕು. ಇಪ್ಪತ್ತು ದಾಟದಂತೆ ನೋಡಿಕೊಂಡರೆ ಸಾಕು ಎಂದರು ಡಾಕ್ಟರು. ಆ ಸಂಖ್ಯೆಯನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಬೇರೆಯವರು ಮಗುವಿನ ಎತ್ತರ ಬರೆಯುವ ಹಾಗೆ.

ಕಿಟಕಿಯಿಂದ ನೀಲಿ ಬೆಳಕು ಓಣಿಗೆ ಬೀಳುತ್ತದೆ. ಎದುರುಮನೆಯಾಕೆ ಬಂದು, "ಮೀನು ಸಾಕಿದ್ದೀರಾ?" ಎಂದು ಕೇಳಿದಳು. "ಹೌದು, ಒಂದೇ ಮೀನು" ಎಂದೆ. ಒಳಗೆ ಬಂದು ಮಿಣುಕಿಯನ್ನು ನೋಡಿದಳು. ಕಣ್ಣಿಗೆ ಪಟ್ಟಿ, ಸೊಂಟಕ್ಕೊಂದು ತುಂಡು ಬಟ್ಟೆ, ಮೈಯೆಲ್ಲ ನೀಲಿ. ಮಾರನೆಯ ದಿನ ನನಗೊಂದು ಡಬ್ಬಿ ಊಟ ತಂದಿಟ್ಟು ಹೋದಳು.

ಬಿಸಿಯದೇ ಕಷ್ಟ. ನೀನು ದೀಪವೆಂದರೆ ಬಿಸಿ ತಾಗಬೇಕು ಎನ್ನುತ್ತೀಯ, ನಿಜವಾಗಿ ತಾಗುತ್ತಿದೆ. ಟ್ಯೂಬಿನ ಚೋಕುಗಳು ಕಾದು ಪೆಟ್ಟಿಗೆಯ ಮೇಲುಭಾಗ ಕೈ ಇಡಲಾಗದಷ್ಟು ಸುಡುತ್ತದೆ. ಗಂಟೆಗೊಮ್ಮೆ ಎತ್ತಿ ಹಾಲು ಕುಡಿಸದಿದ್ದರೆ ತುಟಿ ಒಣಗುತ್ತದೆ. ಎಂಟು ಚೋಕುಗಳೂ ಸೇರಿ ದುಂಬಿಯ ಹಾಗೆ ಗುಂಯ್‌ಗುಡುತ್ತವೆ. ಆ ಸದ್ದು ನಿಂತರೆ ಕರೆಂಟು ಹೋಯಿತೆಂದು ಅರ್ಥ. ಹಾಗಾಗಿ ನಿದ್ದೆಯಲ್ಲೂ ಕಿವಿ ಅಲ್ಲೇ. ನಿದ್ದೆ ಎಂದು ಬರೆದೆನೇ? ಅಭ್ಯಾಸಬಲ.

ಇವರಿಗೆ ಕೆಲಸ ಜೋರು. ನಮ್ಮ ಬಡಾವಣೆ ಮುಗಿಯಿತು, ಈಗ ಮಾರುಕಟ್ಟೆಯ ಬೀದಿ. ಹಳೆಯ ದೀಪದ ಅರ್ಧ ಕರೆಂಟೇ ಸಾಕಂತೆ. ವರ್ಷಕ್ಕೊಂದು ಸಲ ಪ್ರತಿ ಕಂಬ ಹತ್ತಬೇಕಾಗಿದ್ದದ್ದು ಇನ್ನು ಹತ್ತು ವರ್ಷ ಏಣಿ ಮುಟ್ಟಬೇಕಾಗಿಲ್ಲವಂತೆ. ಎಲ್ಲರಿಗೂ ಇಷ್ಟವಾಗಿಲ್ಲ, ಮೂಲೆಮನೆಯ ನಿವೃತ್ತ ಮೇಷ್ಟ್ರು "ನನ್ನ ಹಾಸಿಗೆ ಮೇಲೆ ಹಗಲು ತಂದು ಸುರಿದಿದ್ದೀರಲ್ರೀ" ಎಂದು ಜಗಳಕ್ಕೆ ಬಂದರು. ಇವರು ಹೋಗಿ ದೀಪವನ್ನು ಕೆಳಮುಖವಾಗಿ ತಿರುಗಿಸಿ ಬಂದರಂತೆ. ಆದರೆ ತರಕಾರಿ ಮಾರುವಾಕೆ ಇವರನ್ನು ನಿಲ್ಲಿಸಿ, "ಈಗ ಸರಿಯಾಯ್ತು ನೋಡಣ್ಣ. ಆ ಹಳದಿ ದೀಪದ ಕೆಳಗೆ ಹಣ್ಣೂ ಒಂದೇ ಕಾಯೀನೂ ಒಂದೇ ಬಣ್ಣ. ಏನಾಗಿದೆ ಅಂತ ಮನೆಗೆ ಹೋದ ಮೇಲೇ ಗೊತ್ತಾಗ್ತಿತ್ತು" ಎಂದಳಂತೆ.

ಇವರು ನಗಿಸಲೆಂದು ಹೇಳಿದರು. ನನಗೆ ನಗು ಬರಲಿಲ್ಲ.

ಆರು ತಿಂಗಳಿಗೆ ಟ್ಯೂಬು ಬದಲಾಯಿಸಬೇಕೆಂದು ಆಸ್ಪತ್ರೆಯ ಚೀಟಿಯಲ್ಲಿದೆ. ಆಗಸ್ಟಿನಲ್ಲಿ ಬರುತ್ತೀಯಲ್ಲ, ನೀನೇ ನೋಡಿ ಹೇಳು.

ನಿನ್ನ ಮಗಳು


ಆಗಸ್ಟ್ ೨೮

ಪುಟ್ಟೀ,

ಸುಖವಾಗಿ ಬಂದು ಸೇರಿದೆ. ಮಿಣುಕಿ ನನ್ನ ಹೆಬ್ಬೆರಳನ್ನು ಹಿಡಿದ ಹಿಡಿತ ಇನ್ನೂ ಬಿಟ್ಟಿಲ್ಲ.

ಹೊರಡುವ ಗಡಿಬಿಡಿಯಲ್ಲಿ ಹೇಳಿದ್ದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ಅಳಿಯಂದಿರ ಮುಖ ನನಗೆ ಸರಿ ಕಾಣಲಿಲ್ಲ. ಟ್ಯೂಬು ಬದಲಾಯಿಸಬೇಡಿ. ಎಂಟನ್ನೂ ಒಂದೊಂದಾಗಿ ಉರಿಸಿ ನೋಡಿದ್ದೇನೆ. ಮುದಿಯಾದ ಟ್ಯೂಬಿಗೆ ಮೊದಲು ತುದಿ ಕಪ್ಪಾಗುತ್ತದೆ, ಆಮೇಲೆ ಬೆಳಕು ನಡುಗುತ್ತದೆ. ಇವಕ್ಕೆ ಎರಡೂ ಇಲ್ಲ. ಹಚ್ಚಿದ ಮೊದಲ ದಿನ ಹೇಗಿದ್ದವೋ ಹಾಗೇ ಇವೆ. ಇನ್ನೊಂದು ವರ್ಷ ಧಾರಾಳವಾಗಿ ಉರಿಯುತ್ತವೆ. ಚೀಟಿ ಬರೆದವನು ಟ್ಯೂಬು ಮಾರುವವನ ಭಾವಮೈದುನನಿರಬೇಕು. ಹೊಸ ಟ್ಯೂಬಿನಲ್ಲಿ ಎಷ್ಟು ಹುಳುಕು ಬರುತ್ತದೆಂದು ನನಗೆ ಗೊತ್ತು. ಚೆನ್ನಾಗಿ ಉರಿಯುವುದನ್ನು ಕಿತ್ತು ಗೊತ್ತಿಲ್ಲದ್ದನ್ನು ಹಾಕುವುದು ಜಾಣತನವಲ್ಲ.

"ಅಳತೆಯ ಯಂತ್ರ ಇಟ್ಟು ನೋಡಿಸೋಣವೇ ಮಾವ?" ಎಂದು ಕೇಳಿದರು ಅಳಿಯಂದಿರು. ನಾನು ಸಿಟ್ಟಾದೆ, ತಪ್ಪು ತಿಳಿಯಬೇಡಿ ಎಂದು ಹೇಳು. ಆದರೆ ಯಂತ್ರದ ತಪ್ಪು ಹಿಡಿದೇ ನಾನು ನಲವತ್ತು ವರ್ಷ ಸಂಬಳ ತೆಗೆದುಕೊಂಡವನು.

ಅಪ್ಪ


ನವೆಂಬರ್ ೬

ಅಪ್ಪನಿಗೆ,

ನಿಮಗೆ ತಿಳಿಸಬೇಕೆಂದು ಇವರು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಅಕ್ಟೋಬರ್ ಹದಿನೇಳರಂದು ಮಗು ಹಾಲು ಬಿಟ್ಟಳು. ಹದಿನೆಂಟರ ಬೆಳಿಗ್ಗೆ ಎಬ್ಬಿಸಿದರೂ ಕಣ್ಣು ಬಿಡಲಿಲ್ಲ. ಎತ್ತಿಕೊಂಡರೆ ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿದಳು. ಆಸ್ಪತ್ರೆಗೆ ಹೋದಾಗ ಇಪ್ಪತ್ತೊಂಬತ್ತು. ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಬರೆಯಲು ನಾನು ಜಾಗ ಬಿಟ್ಟಿರಲಿಲ್ಲ.

ಎರಡು ಸಲ ರಕ್ತ ಬದಲಾಯಿಸಿದರು. ಈಚೆಗೆ ಅಲ್ಲಿ ಎಲ್‌ಇಡಿ ದೀಪಗಳು ಬಂದಿವೆ. ಮೇಲೆ ಒಂದು, ಕೆಳಗೆ ಒಂದು, ಮೈಗೆ ಒಂದು ಗೇಣು ಹತ್ತಿರ ಇಟ್ಟು ಮಲಗಿಸಿದರು. ಅಷ್ಟು ಹತ್ತಿರ ಇಟ್ಟರೂ ಬಿಸಿಯಿಲ್ಲ. ಐದು ದಿನದಲ್ಲಿ ಹದಿನಾರಕ್ಕೆ ಇಳಿಯಿತು.

ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವವರು ಮನೆಗೆ ಬಂದು ನಮ್ಮ ಪೆಟ್ಟಿಗೆಯ ಕೆಳಗೆ ಅಳತೆಯ ಯಂತ್ರ ಇಟ್ಟು ನೋಡಿದರು. ಇರಬೇಕಾದದ್ದರಲ್ಲಿ ಮೂರನೆಯ ಒಂದು ಪಾಲು ಬೆಳಕೂ ಇರಲಿಲ್ಲ. ಟ್ಯೂಬು ಉರಿಯುತ್ತಲೇ ಇರುತ್ತದಂತೆ, ತುದಿ ಕಪ್ಪಾಗುವುದಿಲ್ಲವಂತೆ, ಆದರೆ ಹಳದಿಯನ್ನು ಕರಗಿಸುವ ನೀಲಿ ಮಾತ್ರ ಮೊದಲೇ ಸತ್ತುಹೋಗುತ್ತದಂತೆ. "ಕಣ್ಣಿಗೆ ಗೊತ್ತಾಗಲ್ಲಮ್ಮ, ಯಾರ ಕಣ್ಣಿಗೂ ಗೊತ್ತಾಗಲ್ಲ" ಎಂದರು. ಎರಡು ತಿಂಗಳು ನಾನು ಮಗುವನ್ನು ಔಷಧಿಯೇ ಇಲ್ಲದ ಬಾಟಲಿಯ ಕೆಳಗೆ ಮಲಗಿಸಿದ್ದೆ.

ಕಿವಿ ಉಳಿದಿದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಹಿಂದಿನಿಂದ ಕರೆದರೆ ತಿರುಗುತ್ತಿಲ್ಲ. ಮುಂದೆ ಪರೀಕ್ಷೆ ಇದೆ.

ಮನೆಗೆ ಹೊಸ ಟ್ಯೂಬು ಹಾಕಿದ್ದೇವೆ. ನೀವು ಬರುವುದು ಬೇಡ.

ಮಗಳು


ನವೆಂಬರ್ ೧೮

ಪುಟ್ಟೀ,

ಹುಟ್ಟಿದಾಗಿನಿಂದ ನೀನು ನನ್ನನ್ನು ಬಹುವಚನದಲ್ಲಿ ಕರೆದದ್ದು ಇದೇ ಮೊದಲು. ಮರ್ಯಾದೆ ಜಾಸ್ತಿಯಾಯಿತು.

ನಾನು ಬರುವುದಿಲ್ಲ. ಕ್ಷಮಿಸು ಎಂದೂ ಬರೆಯುವುದಿಲ್ಲ. ಆ ಶಬ್ದವನ್ನು ಬರೆದು ಅಂಚೆಗೆ ಹಾಕಿದರೆ ನನ್ನ ಕೆಲಸ ಮುಗಿದ ಹಾಗಾಗುತ್ತದೆ.

ಒಂದನ್ನು ಮಾತ್ರ ಕೇಳುತ್ತೇನೆ, ಉತ್ತರ ಬರೆಯದಿದ್ದರೂ ಸರಿ. ಹುಟ್ಟಿ ಹತ್ತು ದಿನ ಅವಳ ಹಳದಿ ನಿಮಗೆ ಕಾಣಲಿಲ್ಲ. ನಿಮ್ಮ ಕೋಣೆಗೆ ಬಿಸಿಲು ಬರುವುದಿಲ್ಲ, ಹಗಲೂ ದೀಪ ಬೇಕು. ಅಲ್ಲಿ ಉರಿಯುತ್ತಿದ್ದದ್ದು ನಾನು ಕೊಟ್ಟ ಬಲ್ಬು. ಹಳದಿ ದೀಪದ ಕೆಳಗೆ ಹಳದಿ ಹೇಗೆ ಕಾಣಬೇಕು? ಅಳಿಯಂದಿರು ಎಲ್‌ಇಡಿ ಹಾಕಿದ ದಿನವೇ ಕಂಡಿತು, ಹೌದು ತಾನೇ? ನೀನು ಮೊದಲ ಪತ್ರದಲ್ಲೇ "ಯಾಕೆಂದು ಕೇಳಬೇಡ" ಎಂದು ಬರೆದಿದ್ದೆ. ತರಕಾರಿಯಾಕೆಯ ಮಾತಿಗೆ ನಗು ಬರಲಿಲ್ಲ ಎಂದೂ ಬರೆದಿದ್ದೆ. ಆಗ ಓದಿದೆ, ನನಗೆ ತಿಳಿಯಲಿಲ್ಲ. ಈಗ ನಿನ್ನ ಪತ್ರಗಳನ್ನೆಲ್ಲ ಮತ್ತೆ ತೆಗೆದು ಓದಿದೆ.

ಬಲ್ಬಿನಿಂದ ಒಂದು ಸಲ ಹೀಗಾದ ಮೇಲೂ ನೀನು ನನ್ನ ಕಣ್ಣನ್ನು ನಂಬಿದೆಯಲ್ಲ. ಅದೇ ನನ್ನನ್ನು ಏಳಗೊಡುತ್ತಿಲ್ಲ.

ಅಪ್ಪ


ಡಿಸೆಂಬರ್ ೩೦

ಪುಟ್ಟೀ,

ಇದರ ಜೊತೆಗೆ ಬರುವ ಮರದ ಪೆಟ್ಟಿಗೆಯನ್ನು ಅಳಿಯಂದಿರೇ ಬಿಚ್ಚಲಿ. ಒಳಗಿರುವುದು ತೊಟ್ಟಿಲು. ತೊಟ್ಟಿಲಿಗೆ ಹಗ್ಗವಿಲ್ಲ, ನಾಲ್ಕು ಕಾಲಿದೆ, ಆದರೂ ನಾನು ಅದನ್ನು ತೊಟ್ಟಿಲು ಎಂದೇ ಕರೆಯುವುದು.

ನಮ್ಮ ಬೀದಿಯಲ್ಲಿ ಎಲ್‌ಇಡಿ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಾಳೆ. ನಾಲ್ಕು ವರ್ಷ ಅವಳ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ. ಹೋಗಿ "ನನಗೆ ಕಲಿಸಮ್ಮ" ಎಂದು ನಿಂತೆ. "ಕಣ್ಣು ಮೇಷ್ಟ್ರಿಗೆ ನಾನೇನು ಕಲಿಸೋದು?" ಎಂದಳು. "ಕಣ್ಣು ಬಿಡು, ಬರೀ ಮೇಷ್ಟ್ರಿಗೆ ಕಲಿಸು" ಎಂದೆ. ಆರು ವಾರ ಅವಳ ಮುಂದೆ ಸ್ಟೂಲಿನ ಮೇಲೆ ಕೂತೆ. ಬೆಸುಗೆ ಹಾಕುವಾಗ ಕೈ ನಡುಗಿದರೆ ಗದರುತ್ತಾಳೆ. ನನಗೆ ಕೇಳಿಸುವುದಿಲ್ಲವೆಂದು ತಿಳಿದ ಮೇಲೆ ಸ್ಕ್ರೂಡ್ರೈವರಿನಿಂದ ಮೇಜು ಕುಟ್ಟಿ ಗದರುತ್ತಾಳೆ.

ಮೇಲೊಂದು ಹಲಗೆ, ಕೆಳಗೊಂದು ಹಲಗೆ. ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಬಲೆಬಟ್ಟೆ, ಮಗು ಅದರ ಮೇಲೆ. ಬೆನ್ನಿಗೂ ಬೆಳಕು ಸಿಗುತ್ತದೆ. ಚುಕ್ಕಿಗಳು ಆಸ್ಪತ್ರೆಯವರು ಹೇಳಿದ ನೀಲಿಯವೇ; ಅಲಂಕಾರಕ್ಕೆ ಹಾಕುವ ನೀಲಿಯಲ್ಲ, ಎರಡಕ್ಕೂ ವ್ಯತ್ಯಾಸವಿದೆಯಂತೆ. ಬೆಳಕಿನ ಕಡೆ ತಣ್ಣಗಿರುತ್ತದೆ, ಬಿಸಿಯೆಲ್ಲ ಬೆನ್ನಿನ ಅಲ್ಯೂಮಿನಿಯಂ ತಗಡಿಗೆ ಹೋಗುತ್ತದೆ. ಆ ತಗಡಿನ ಮೇಲೆ ಬಟ್ಟೆ ಹೊದಿಸಬೇಡ. ಕಾಲಿನ ಹತ್ತಿರದ ಡಬ್ಬಿಯಲ್ಲಿ ಬ್ಯಾಟರಿ ಇದೆ. ಕರೆಂಟು ಹೋದರೆ ತಾನೇ ಹತ್ತಿಕೊಂಡು ಏಳು ಗಂಟೆ ಉರಿಯುತ್ತದೆ. ನಮ್ಮ ಟ್ಯೂಬನ್ನು ಆ ಬ್ಯಾಟರಿಗೆ ಹಾಕಿದ್ದರೆ ಒಂದು ಗಂಟೆಯೂ ಬರುತ್ತಿರಲಿಲ್ಲ. ನಾನೇ ಲೆಕ್ಕ ಹಾಕಿ ನೋಡಿದೆ. ಸುಳ್ಳಲ್ಲ.

ಈಗ ಮುಖ್ಯವಾದದ್ದು. ನಾನು ಇದನ್ನು ನೋಡಿದ್ದೇನೆ, ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಆಸ್ಪತ್ರೆಯವರಿಂದ ಅಳೆಸು. ಅಳೆಸುವವರೆಗೆ ಮಗುವನ್ನು ಮಲಗಿಸಬೇಡ. ಅಳತೆ ಕಡಿಮೆ ಬಂದರೆ ಒಲೆಗೆ ಹಾಕು. ಇದೂ ನಿಧಾನವಾಗಿ ಮಂಕಾಗುತ್ತದಂತೆ, ವರ್ಷಗಟ್ಟಲೆ ಹಿಡಿಯುತ್ತದೆ, ಆದರೂ ಮೂರು ತಿಂಗಳಿಗೊಮ್ಮೆ ಅಳೆಸು.

ರಿಪೇರಿಯಾಕೆ ಒಂದು ದಿನ ಎರಡು ನೀಲಿ ಚುಕ್ಕಿ ಹಚ್ಚಿ, "ಯಾವುದು ಜಾಸ್ತಿ ಮೇಷ್ಟ್ರೇ?" ಎಂದಳು. "ಎರಡೂ ಒಂದೇ" ಎಂದೆ. ಅವಳು ಒಂದು ಕಾಗದದ ಮೇಲೆ "ಕಣ್ಣಾಸ್ಪತ್ರೆಗೆ ಹೋಗಿ" ಎಂದು ಬರೆದು ನನ್ನ ಮುಂದೆ ಇಟ್ಟಳು. ಒಂದು ಇನ್ನೊಂದರ ನಾಲ್ಕು ಪಟ್ಟು ಇತ್ತಂತೆ.

ಅಪ್ಪ


ಫೆಬ್ರುವರಿ ೩

ಅಪ್ಪನಿಗೆ,

ಅಳತೆ ಮಾಡಿಸಿದೆವು. ಯಂತ್ರ ನೋಡುವವರು ಒಂಬತ್ತು ಕಡೆ ಇಟ್ಟು ನೋಡಿದರು; ಮೂಲೆಗಳಲ್ಲಿ, ನಡುವೆ, ಬಲೆಯ ಕೆಳಗೆ. "ಇದನ್ನ ಯಾರು ಮಾಡಿದ್ದು?" ಎಂದು ಕೇಳಿದರು. "ನಮ್ಮ ತಂದೆ" ಎಂದೆ. "ನಮ್ಮ ವಾರ್ಡಿನದ್ದಕ್ಕಿಂತ ಸಮವಾಗಿ ಬೀಳ್ತಿದೆ" ಎಂದರು. ಆ ವಾಕ್ಯವನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿದೆ.

ನಿನ್ನೆಯ ಸಂಖ್ಯೆ ಹನ್ನೊಂದು. ಹುಟ್ಟಿದಾಗಿನಿಂದ ಇಷ್ಟು ಕಡಿಮೆ ಇರಲಿಲ್ಲ. ಹನ್ನೆರಡು ಗಂಟೆಯ ಬದಲು ಹತ್ತು ಸಾಕು ಎಂದಿದ್ದಾರೆ. ದಿನಕ್ಕೆ ಎರಡು ಗಂಟೆ ಹೆಚ್ಚಿಗೆ ಅವಳನ್ನು ಬಟ್ಟೆ ತೊಡಿಸಿ ಎತ್ತಿಕೊಳ್ಳಬಹುದು. ಹಿಂದಿನ ವಾರ ಮಧ್ಯಾಹ್ನ ಕರೆಂಟು ಹೋಯಿತು, ಓಣಿಯ ಮನೆಗಳೆಲ್ಲ ಕತ್ತಲಾದವು. ಅವಳ ದೀಪ ಕಣ್ಣು ಮಿಟುಕಿಸಲಿಲ್ಲ. ಎದುರುಮನೆಯಾಕೆ ಓಡಿಬಂದು, ನೀಲಿ ಕಂಡು, ಬಾಗಿಲಲ್ಲೇ ಕೂತುಬಿಟ್ಟಳು.

ಆದರೂ ನನಗೆ ನಿದ್ದೆಯಿಲ್ಲ. ಇದಕ್ಕೆ ಸದ್ದಿಲ್ಲವಲ್ಲ, ಉರಿಯುತ್ತಿದೆಯೋ ಇಲ್ಲವೋ ಕಿವಿಗೆ ತಿಳಿಯುವುದಿಲ್ಲ. ಎದ್ದು ಬಂದು ಬೆಳಕಿನೊಳಗೆ ಕೈ ಚಾಚುತ್ತೇನೆ. ಕೈ ನೀಲಿಯಾಗುತ್ತದೆ. ಹೋಗಿ ಮಲಗುತ್ತೇನೆ. ಮತ್ತೆ ಎದ್ದು ಬರುತ್ತೇನೆ. ಬಂದಾಗಲೆಲ್ಲ ಚಪ್ಪಾಳೆ ತಟ್ಟುತ್ತೇನೆ, ಮೆಲ್ಲಗೆ, ಜೋರಾಗಿ. ಅವಳು ತಿರುಗುವುದಿಲ್ಲ. ಕಿವಿಯ ಮೊದಲ ಪರೀಕ್ಷೆಯಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಮತ್ತೆ ಮಾರ್ಚ್ ಹನ್ನೆರಡಕ್ಕೆ ಬರಲು ಹೇಳಿದ್ದಾರೆ.

ಬಲ್ಬಿನ ವಿಷಯ ಕೇಳಿದ್ದಿರಿ. ಹೌದು. ಎಲ್‌ಇಡಿ ಹಾಕಿ ಇವರು ಸ್ವಿಚ್ಚು ಒತ್ತಿದ ಕ್ಷಣ, ನನ್ನ ಮಡಿಲಲ್ಲಿ ಬೇರೆಯೇ ಮಗು ಇದ್ದ ಹಾಗಾಯಿತು. ನಿಮಗೆ ಹೇಳಲಿಲ್ಲ, ಯಾಕೆಂದರೆ ಆ ಪೆಟ್ಟಿಗೆಯನ್ನು ನೀವು ರೈಲಿನಲ್ಲಿ ಇಡೀ ದಿನ ಮಡಿಲಲ್ಲಿಟ್ಟುಕೊಂಡು ತಂದಿದ್ದು ನನಗೆ ಗೊತ್ತು. ಆದರೆ ನಾನು ಹೇಳಿಬಿಟ್ಟಿದ್ದರೆ ಆಗಸ್ಟಿನಲ್ಲಿ ನಿನ್ನ ಕಣ್ಣನ್ನು ನೀನೇ ಇಷ್ಟು ನಂಬುತ್ತಿರಲಿಲ್ಲವೇನೋ. ಅದು ನನ್ನ ಪಾಲಿನ ತಪ್ಪು.

ಕಣ್ಣಾಸ್ಪತ್ರೆಗೆ ಹೋದೆಯಾ?

ಮಗಳು


ಫೆಬ್ರುವರಿ ೨೬

ಪುಟ್ಟೀ,

ಹೋಗಿದ್ದೆ. ಎರಡೂ ಕಣ್ಣಿಗೆ ಪೊರೆ. ವರ್ಷಗಳಿಂದ ಬೆಳೆದದ್ದಂತೆ. ಬಲಗಣ್ಣಿನದನ್ನು ತೆಗೆದಿದ್ದಾರೆ, ಎಡಗಣ್ಣಿನದು ಮುಂದಿನ ತಿಂಗಳು. ಬರೆಯಲು ಈಗ ಅನುಮತಿ ಸಿಕ್ಕಿತು.

ತೆಗೆಯುವ ಮೊದಲು ಡಾಕ್ಟರಮ್ಮ ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ತಿಳಿಸಿದಳು. ವಯಸ್ಸಾದಂತೆ ಕಣ್ಣೊಳಗಿನ ಗಾಜು ಹಳದಿ ತಿರುಗುತ್ತದಂತೆ. ಹಳದಿ ಗಾಜು ಮೊದಲು ತಡೆಯುವುದು ನೀಲಿಯನ್ನೇ. ಎಷ್ಟು ಮೆಲ್ಲಗೆ ಆಗುತ್ತದೆಂದರೆ ಹೊತ್ತುಕೊಂಡವನಿಗೇ ತಿಳಿಯುವುದಿಲ್ಲ. ನನ್ನ ಕೈ ದಾಟಿಹೋದ ದೀಪಗಳಂತೆಯೇ ಒಂದು ಹಳದಿ ದೀಪ ನನ್ನ ಕಣ್ಣೊಳಗೇ ಉರಿಯುತ್ತಿತ್ತು. ಅದನ್ನು ಹೊತ್ತುಕೊಂಡು ಬಂದು ನಿನ್ನ ಮಗಳ ನೀಲಿಯನ್ನು ಪರೀಕ್ಷೆ ಮಾಡಿದೆ. ಇದನ್ನು ನೆಪವೆಂದು ಬರೆಯುತ್ತಿಲ್ಲ. ಒಳ್ಳೆಯ ಕಣ್ಣಿಗೂ ತಿಳಿಯುತ್ತಿರಲಿಲ್ಲವೆಂದು ನೀನೇ ಬರೆದಿದ್ದೀಯ. ಅಳಿಯಂದಿರು ಅಳೆಸೋಣ ಎಂದಿದ್ದರು, ನಾನು ಬೇಡವೆಂದೆ. ತಪ್ಪು ಅಲ್ಲಿದೆ, ಪೊರೆಯಲ್ಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು ನಿನ್ನ ಪತ್ರಗಳ ಕಟ್ಟು ತೆಗೆದೆ.

ಕಾಗದ ಬಿಳಿ, ಪುಟ್ಟಿ. ಒಂದೊಂದೂ ಬಿಳಿ. ಶಾಯಿ ನೀಲಿ. ನೀನು ಕಪ್ಪು ಶಾಯಿಯಲ್ಲಿ ಬರೆಯುತ್ತೀಯೆಂದೇ ನಾನು ಇಷ್ಟು ದಿನ ತಿಳಿದಿದ್ದೆ.

ಎಡಗಣ್ಣು ಮುಚ್ಚಿಕೊಂಡು ಎಲ್ಲವನ್ನೂ ಮೊದಲಿನಿಂದ ಓದಿದೆ.

ಆ ಹತ್ತಿಯಲ್ಲಿ ಸುತ್ತಿಟ್ಟ ಬಲ್ಬುಗಳನ್ನು ಬಿಸಾಡಬೇಡ. ಉರಿಸಲೂ ಬೇಡ. ಮಿಣುಕಿ ದೊಡ್ಡವಳಾದಾಗ ಒಂದನ್ನು ಕೈಗೆ ಕೊಟ್ಟು, ಗಾಜು ಊದಿದವರು ಇಂಥವರು ಎಂದು ಹೇಳು. ಹೇಳಿದ್ದು ಅವಳಿಗೆ ಕೇಳಿಸಲಿ. ನನ್ನ ಕಿವಿ ಅವಳಿಗೆ ಬರದಿರಲಿ. ಇದೊಂದನ್ನೇ ಕೂತರೂ ನಿಂತರೂ ಬೇಡುತ್ತಿದ್ದೇನೆ.

ಅಪ್ಪ


ಮಾರ್ಚ್ ೮

ಅಪ್ಪಾ,

ಅಂಚೆಯವನು ಈಗ ತಾನೇ ಬಂದು ಹೋದ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ.

ಮಿಣುಕಿ ತೊಟ್ಟಿಲಲ್ಲಿದ್ದಳು, ಎಚ್ಚರವಾಗಿಯೇ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಾಲು ಬಡಿಯುತ್ತಾ. ನಾನು ಅವಳ ತಲೆಯ ಎಡಕ್ಕೆ ನೆಲದ ಮೇಲೆ ಕೂತಿದ್ದೆ. ಮನೆಯಲ್ಲಿ ಒಂದೂ ಸದ್ದಿಲ್ಲ. ಟ್ಯೂಬಿನ ಕಾಲದಲ್ಲಾಗಿದ್ದರೆ ಆ ಗುಂಯ್ ಎನ್ನುವುದರಲ್ಲಿ ಕಾಗದ ಹರಿಯುವ ಸದ್ದು ಮುಳುಗಿಹೋಗುತ್ತಿತ್ತು. ನಿನ್ನ ಲಕೋಟೆಯ ಅಂಚನ್ನು ಹರಿದೆ.

ಕಾಲು ನಿಂತಿತು.

ಇನ್ನಷ್ಟು ಹರಿದೆ. ಅವಳು ತಲೆಯನ್ನು ನಿಧಾನವಾಗಿ ಎಡಕ್ಕೆ, ನಾನಿದ್ದ ಕಡೆಗೆ ತಿರುಗಿಸಿದಳು. ಎದ್ದು ಇನ್ನೊಂದು ಕಡೆಗೆ ಹೋಗಿ ಕೂತೆ. ಹರಿದೆ. ಬಲಕ್ಕೆ ತಿರುಗಿದಳು. ಕಣ್ಣಿಗೆ ಪಟ್ಟಿ ಇದೆ ಅಪ್ಪ, ನನ್ನನ್ನು ನೋಡಿ ತಿರುಗಿದ್ದಲ್ಲ. ಪತ್ರವನ್ನು ತೆಗೆದು ಪಕ್ಕಕ್ಕಿಟ್ಟು, ಲಕೋಟೆಯನ್ನು ಒಂದೊಂದೇ ಚೂರು ಹರಿಯುತ್ತಾ ಹೋದೆ. ಚಪ್ಪಾಳೆಗೆ ತಿರುಗದವಳು ಕಾಗದಕ್ಕೆ ಯಾಕೆ ತಿರುಗಿದಳೋ ಗೊತ್ತಿಲ್ಲ. ಎಲ್ಲ ಚೂರಿಗೂ ತಿರುಗಲಿಲ್ಲ. ಹದಿನೇಳರಲ್ಲಿ ಹನ್ನೊಂದಕ್ಕೆ ತಿರುಗಿದಳು. ಎಣಿಸಿದ್ದೇನೆ.

ಹನ್ನೆರಡನೆಯ ತಾರೀಖು ಪರೀಕ್ಷೆ ಇದ್ದೇ ಇದೆ. ಅಲ್ಲಿ ಅಳೆಯಲಿ. ಎಷ್ಟು ಉಳಿದಿದೆಯೋ, ಎಷ್ಟು ಹೋಗಿದೆಯೋ, ಯಂತ್ರ ಹೇಳಿದ ಮೇಲೆಯೇ ನಾನು ನಂಬುವುದು. ನಮ್ಮ ಮನೆಯಲ್ಲಿ ಈಗ ಅದೇ ಕಾನೂನು.

ನೀನು ಎಡಗಣ್ಣಿನದನ್ನೂ ತೆಗೆಸಿಕೊಂಡು ಬಾ. ತೊಟ್ಟಿಲಿನ ಒಂದು ಕಾಲು ಗಿಡ್ಡವಿದೆ, ಕೆಳಗೆ ರಟ್ಟು ಇಟ್ಟಿದ್ದೇವೆ. ಅಷ್ಟು ದೊಡ್ಡ ಕಣ್ಣು ಮೇಷ್ಟ್ರಿಗೆ ಅದು ಕಾಣಲಿಲ್ಲವೇ?

ಲಕೋಟೆಯ ಚೂರುಗಳು ನೆಲದ ತುಂಬ ಇವೆ, ನೀಲಿ ಬೆಳಕಿನಲ್ಲಿ ನೀಲಿಯಾಗಿ. ಗುಡಿಸಬೇಕು. ಸಂಜೆ ಗುಡಿಸಿದರಾಯಿತು. ಅವಳ ಪಕ್ಕ ಚಾಪೆ ಹಾಕಿಕೊಂಡಿದ್ದೇನೆ. ನಿದ್ದೆ ಬರುತ್ತಿದೆ ಅಪ್ಪ.

ನಿನ್ನ ಮಗಳು